ಕಡಿಮೆ ಖರ್ಚಿನಲ್ಲಿ ಡಿಫ್ ಲಾಕರ್: ನಮ್ಮ ಘಟ್ಟದ ಗಾಡಿಗೆ ಯಾವುದು ಸರಿ?

ಶಿರಸಿ ಕಡೆ ಫೋರ್ ವೀಲ್ ಜೀಪ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಶೋಕಿಗೆ ಇಟ್ಟುಕೊಂಡವರಲ್ಲ. ತೋಟಕ್ಕೆ ಬೋರ್ಡೋ ಔಷಧಿಯ ಡ್ರಮ್ ಇಳಿಯಬೇಕು, ಕೊಯ್ದ ಅಡಿಕೆ ಅಂಗಳಕ್ಕೆ ಏರಬೇಕು, ಆಷಾಢದ ಮಳೆಯಲ್ಲಿ ಮನೆಯವರಿಗೆ ಹುಷಾರು ತಪ್ಪಿದರೆ ಡಾಂಬರು ರಸ್ತೆ ಮುಟ್ಟಬೇಕು. ನನ್ನದು ಹಳೇ ಮಹೀಂದ್ರ ಎಂಎಂ 540 ಜೀಪ್. ಕಾರವಾರದಲ್ಲಿರುವ ಭಾವನದು ಜಿಪ್ಸಿ. ಎರಡಕ್ಕೂ ಕಂಪನಿಯಿಂದ ಡಿಫ್ ಲಾಕರ್ (ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಸಾಧನ) ಬಂದಿಲ್ಲ. ಇಬ್ಬರ ಹತ್ತಿರವೂ ಸುರಿಯುವಷ್ಟು ದುಡ್ಡಿಲ್ಲ. ಹಾಗಾಗಿ ಸಾಕಷ್ಟು ತಲೆ ಕೆಡಿಸಿಕೊಂಡು ನೋಡಿದ್ದೇವೆ.

ನನ್ನ ಲೆಕ್ಕ ಇಷ್ಟು. ಗಾಡಿ ಹೂತುಹೋಗುವುದು ಅರ್ಧ ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ. ಮಳೆಯಲ್ಲಿ ಓಡುವುದು ದೇವಿಮನೆ ಘಟ್ಟದಂಥ ನುಣ್ಣಗಿನ ಡಾಂಬರಿನ ಮೇಲೆ, ತಿರುವಿನ ಮೇಲೆ ತಿರುವು. ಲಾಕರ್ ಆರಿಸುವಾಗ ಆ ಡಾಂಬರನ್ನು ಮೊದಲು ನೆನಪಿಸಿಕೊಳ್ಳಿ. ವಿಡಿಯೋದಲ್ಲಿ ಬಂಡೆ ಹತ್ತಿಸುವವರು ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಬಂದಿರುತ್ತಾರೆ. ನಾವು ಅದೇ ಗಾಡಿಯಲ್ಲಿ ಕುಮಟಾಕ್ಕೆ ಮದುವೆ ಊಟಕ್ಕೂ ಹೋಗಬೇಕಲ್ಲ.

ಎಂಜಿನ್ ಬಲವನ್ನು ಆಕ್ಸಲ್‌ನ ಎರಡು ಚಕ್ರಕ್ಕೆ ಹಂಚುವ ಡಿಫ್ರೆನ್ಶಿಯಲ್ (ಡಿಫ್) ಮಾಡುವ ಕೆಲಸ ಗೊತ್ತಿದ್ದರೆ ಮುಂದಿನದು ಸುಲಭ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವುದೇ ಒಳಗಿರುವ ಸ್ಟಾರ್ ಗೇರುಗಳು. ಆದರೆ ಸಾದಾ ಡಿಫ್ ಎರಡೂ ಚಕ್ರಕ್ಕೆ ಒಂದೇ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಅಷ್ಟೇ ಬಲ ನೆಲದಲ್ಲಿರುವ ಚಕ್ರಕ್ಕೂ ಸಿಗುತ್ತದೆ, ಅಂದರೆ ಏನೂ ಇಲ್ಲ. ಮಳೆ ನೀರು ಕೊರೆದ ಕೊರಕಲಿನಲ್ಲಿ ಮುಂದಿನ ಎಡಗಡೆ ಮತ್ತು ಹಿಂದಿನ ಬಲಗಡೆ ಚಕ್ರ ಎದ್ದಿತು ಅಂದರೆ, ಫೋರ್ ವೀಲ್ ಹಾಕಿದರೂ ಆ ಎರಡೇ ತಿರುಗುತ್ತಾ ಇರುತ್ತವೆ. ಲಾಕರ್ ಆ ಆಕ್ಸಲ್‌ನ ಎರಡೂ ಚಕ್ರವನ್ನು ಜೋಡಿಸಿಬಿಡುತ್ತದೆ. ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಹೊಸದಲ್ಲ. ಗದ್ದೆಯಲ್ಲಿ ಒಂದು ಚಕ್ರ ಜಾರಿದರೆ ಹಿಮ್ಮಡಿಯಲ್ಲಿ ಒತ್ತುತ್ತೀರಲ್ಲ, ಆ ಡಿಫ್ ಲಾಕ್ ಪೆಡಲ್ ಕೆಲಸವೇ ಇದು.

ಮೊದಲು ನಿಮ್ಮ ಗಾಡಿಯಲ್ಲಿ ಏನಿದೆ ಅಂತ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ಆದರಂತೂ ನೋಡಲೇಬೇಕು. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಹೌಸಿಂಗ್ (ಹೊರಕವಚ) ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ನ್ಯೂಟ್ರಲ್ ಮಾಡಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಸಾದಾ ಡಿಫ್. ಎರಡೂ ಒಂದೇ ಕಡೆ ತಿರುಗಿದರೆ ಒಳಗೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರುವುದನ್ನು ಸ್ವಲ್ಪ ಮಟ್ಟಿಗೆ ತಡೆಯುವ ಡಿಫ್) ಅಥವಾ ಯಾವಾಗಲೂ ಲಾಕ್ ಆಗಿರುವ ಲಾಕರ್ ಇದೆ, ಇಲ್ಲವೇ ಯಾರೋ ಸ್ಟಾರ್ ಗೇರ್ ವೆಲ್ಡ್ ಮಾಡಿಸಿದ್ದಾರೆ. ಈಟನ್ ಕಂಪನಿಯ ತಾನೇ ಬೀಳುವ (ಲಾಕ್ ಆಗುವ) ಲಾಕರ್ ಇದ್ದರೆ ಮಾತ್ರ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ನಿಧಾನಕ್ಕೆ ತಿರುಗಿಸಿದರೆ ಅದೂ ಸಾದಾ ಡಿಫ್ ಥರವೇ ಉಲ್ಟಾ ತಿರುಗುತ್ತದೆ.

ಇನ್ನು ದುಡ್ಡಿನ ಮಾತು. ಲಾಕರ್‌ಗಿಂತ ಮೊದಲು ಟಯರ್. ನಮ್ಮ ಕೆಂಪು ಮಣ್ಣು ನೆನೆದಾಗ ಸವೆದ ಟಯರಿನ ಎರಡೂ ಚಕ್ರ ಜಾರುತ್ತವೆ. ಆಗ ಲಾಕರ್ ಹಾಕಿದರೆ ಎರಡೂ ಒಟ್ಟಿಗೆ ಜಾರುತ್ತವೆ, ಅಷ್ಟೇ ವ್ಯತ್ಯಾಸ. ನಾನು ಮೊದಲ ಸಲ ವಿಚಾರಿಸಲು ಹೋದಾಗ ಮೇಸ್ತ್ರಿ ಬಗ್ಗಿ ಟಯರ್ ನೋಡಿ, "ಹೆಗಡೇರೇ, ಇದ್ರಲ್ಲಿ ನಡ್ಕೊಂಡ್ ಹೋದ್ರೂ ಜಾರ್ತದೆ, ಡಿಫ್ ಆಮೇಲೆ ಬಿಚ್ಚುವಾ" ಅಂದರು. ಸರಿಯಾಗೇ ಹೇಳಿದ್ದರು.

ಮರಳಿಗೂ ಹಾಗೇ. ಭಾವ ಒಂದು ಸಲ ಗಾಳಿಮರದ ತೋಪಿನ ಹಿಂದಿನ ಮರಳು ದಾರಿಯಿಂದ ಫೋನ್ ಮಾಡಿದ. "ಭಾವಾ, ಆಕ್ಸಲ್ ಮಟ್ಟ ಕೂತಿದೆ. ಲಾಕರ್ ಹಾಕ್ಸಿದ್ರೆ ಬರ್ತಿತ್ತಾ?" "ಮೊದ್ಲು ಗಾಳಿ ಬಿಡು ಮಾರಾಯಾ," ಅಂದೆ. 30 ಪಿಎಸ್‌ಐ ಇದ್ದದ್ದನ್ನು 16ಕ್ಕೆ ಇಳಿಸಿ, ಚಕ್ರದ ಮುಂದಿನ ಮರಳು ಕೈಯಲ್ಲಿ ಸರಿಸಿ, ಲೋ ಗೇರಿನಲ್ಲಿ ಹೊರಗೆ ಬಂದ. ಗಾಳಿ ಬಿಟ್ಟರೆ ಟಯರ್ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಬರಬಹುದು. ಒಂದು ಸಣ್ಣ ಕಂಪ್ರೆಸರ್ ಮತ್ತು ಗೇಜ್ ಗಾಡಿಯಲ್ಲಿರಲಿ. ಅಂದಹಾಗೆ, ಮರಳು ಅಂತ ಕಡಲ ದಂಡೆಗೆ ಗಾಡಿ ಇಳಿಸಬೇಡಿ. ನಮ್ಮ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ದಾರಿಯಂತೂ ಬೇಡವೇ ಬೇಡ.

ಟಯರ್, ಎಳೆಯುವ ಪಟ್ಟಿ, ಅದನ್ನು ಸಿಕ್ಕಿಸುವ ಶಾಕಲ್ ಎಲ್ಲ ಆದಮೇಲೂ ಕೊರಕಲಿನಲ್ಲಿ ಚಕ್ರ ಎದ್ದು ಗಾಡಿ ನಿಲ್ಲುತ್ತಿದೆ ಅಂತಾದರೆ ಲಾಕರ್ ನೋಡಿ.

ಎಲ್ಲಕ್ಕಿಂತ ಅಗ್ಗದ್ದು ಸ್ಟಾರ್ ಗೇರ್ ವೆಲ್ಡ್ ಮಾಡಿಸುವುದು. ಯಾವ ವೆಲ್ಡಿಂಗ್ ಶಾಪಿನಲ್ಲೂ ಆಗುತ್ತದೆ. ದಯವಿಟ್ಟು ಬೇಡ. ಎರಡು ಚಕ್ರ ಯಾವಾಗಲೂ ಒಂದೇ ವೇಗದಲ್ಲಿ ತಿರುಗುತ್ತವೆ. ಪ್ರತಿ ತಿರುವಿನಲ್ಲೂ ಒಂದು ಟಯರ್ ಉಜ್ಜಿಕೊಂಡೇ ಹೋಗಬೇಕು. ಮಳೆ ಬಿದ್ದ ಘಟ್ಟದಲ್ಲಿ ಗಿಡ್ಡ ಜೀಪಿನ ಹಿಂಭಾಗ ಕಣಿವೆ ಕಡೆ ತಿರುಗಲು ಅಷ್ಟು ಸಾಕು. ಹಳ್ಳಿ ದಾರಿ ಬಿಟ್ಟು ಹೊರಗೆ ಬರದ ಗಾಡಿಗೆ ಬೇಕಾದರೆ ಯೋಚಿಸಿ.

ಅದರ ಮೇಲಿನದು ಲಂಚ್ ಬಾಕ್ಸ್ ಲಾಕರ್. ಲಾಕ್ ರೈಟ್, ಆಸಿ ಲಾಕರ್, ಸ್ಪಾರ್ಟನ್ ಇವೆಲ್ಲ ಈ ಜಾತಿಯವು. ಡಿಫ್‌ನ ಒಳಗಿನ ಸ್ಟಾರ್ ಗೇರು ಮತ್ತು ಸೈಡ್ ಗೇರು ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸುತ್ತಾರೆ. ಹೆಚ್ಚಿನ ಗಾಡಿಯಲ್ಲಿ ಕ್ರೌನ್ ಪಿನಿಯನ್ (ಡಿಫ್‌ಗೆ ಬಲ ತರುವ ಮುಖ್ಯ ಗೇರು ಜೋಡಿ) ಸೆಟಿಂಗ್ ಮತ್ತೆ ಮಾಡಬೇಕಿಲ್ಲ, ಅದೇ ದೊಡ್ಡ ಉಳಿತಾಯ. ಯಾವಾಗಲೂ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಜೋರಾಗಿ ಓಡಬೇಕಾದಾಗ ಹಲ್ಲು ಬಿಟ್ಟುಕೊಡುತ್ತದೆ. ಪೇಟೆ ಒಳಗೆ ನಿಧಾನಕ್ಕೆ ತಿರುಗಿಸುವಾಗ ಟಕ್ ಟಕ್ ಅನ್ನುತ್ತದೆ, ಅದಕ್ಕೆ ಹೆದರಬೇಕಿಲ್ಲ. ತೊಂದರೆ ಇರುವುದು ಆಕ್ಸಲರೇಟರ್ ಒತ್ತಿದಾಗ. ತಿರುವಿನ ಮಧ್ಯೆ ಕಾಲು ಒತ್ತಿದರೆ ಎರಡೂ ಚಕ್ರ ಜೋಡಿಯಾಗುತ್ತವೆ, ಬಿಟ್ಟರೆ ಬಿಡುತ್ತವೆ. ಒದ್ದೆ ತಿರುವಿನಲ್ಲಿ ಹಿಂದಿನ ಆಕ್ಸಲ್ ಹಾಗೆ ಮನಸ್ಸು ಬದಲಾಯಿಸುವುದು ನನಗೆ ಬೇಡ.

ಅದಕ್ಕೇ ನಾನು ಲಂಚ್ ಬಾಕ್ಸನ್ನು ಮುಂದಿನ ಆಕ್ಸಲ್‌ಗೆ ಹಾಕಿಸಿದೆ. ನನ್ನ ಜೀಪಿಗೆ ಕೈಯಲ್ಲಿ ತಿರುಗಿಸಿ ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಫ್ರೀ ವೀಲ್ ಹಬ್ ಇದೆ. ಡಾಂಬರಿನಲ್ಲಿ ಹಬ್ ಬಿಟ್ಟಿರುತ್ತೇನೆ, ಆಗ ಲಾಕರ್ ಒಳಗೆ ಸುಮ್ನೆ ಕೂತಿರುತ್ತದೆ. ತೋಟದ ದಾರಿ ಬಂದಾಗ ಇಳಿದು ಎರಡೂ ಹಬ್ ಲಾಕ್ ಮಾಡಿ ಫೋರ್ ವೀಲ್ ಹಾಕಿದರೆ ಮುಂದಿನ ಎರಡೂ ಚಕ್ರ ಗ್ಯಾರಂಟಿ ತಿರುಗುತ್ತವೆ. ಸ್ಟೀರಿಂಗ್ ಮಾತ್ರ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ತೋಳು ನೋಯುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಬೀಳುವುದರಿಂದ ಹಿಂದಿನ ಲಾಕರೇ ಜಾಸ್ತಿ ಉಪಯೋಗ ಅನ್ನುವುದು ಸರಿ. ಆದರೆ ಹಿಂದೆ ಹಾಕಬೇಕಾದರೆ ನಮಗೆ ಬೇಕಾದಾಗ ಮಾತ್ರ ಬೀಳುವಂಥದ್ದು ಬೇಕು, ಅದಕ್ಕೆ ದುಡ್ಡು ಬೇಕು. ಜಿಪ್ಸಿಯವರು ಇನ್ನೊಂದು ನೋಡಬೇಕು: ಮುಂದಿನ ಆಕ್ಸಲ್ ಜಾಯಿಂಟ್ ಅಷ್ಟು ಗಟ್ಟಿ ಇಲ್ಲ. ಲಾಕ್ ಆಗಿರುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಒತ್ತಿದರೆ ಮುರಿಯುತ್ತದೆ.

ಬೇಕಾದಾಗ ಬೀಳುವವು ಅಂದರೆ ಏರ್ ಲಾಕರ್ ಮತ್ತು ಎಲೆಕ್ಟ್ರಿಕ್ ಲಾಕರ್. ಆಸ್ಟ್ರೇಲಿಯಾದ ಎಆರ್‌ಬಿ ಏರ್ ಲಾಕರ್ ಹೆಸರುವಾಸಿ. ಸ್ವಿಚ್ ಒತ್ತಿದರೆ ಲಾಕ್, ತೆಗೆದರೆ ಸಾದಾ ಡಿಫ್. ಘಟ್ಟಕ್ಕೂ ಸೈ, ಕೊರಕಲಿಗೂ ಸೈ. ಆದರೆ ಲಾಕರ್, ಕಂಪ್ರೆಸರ್, ಪೈಪು, ಕ್ರೌನ್ ಪಿನಿಯನ್ ಸೆಟಿಂಗ್ ಕೂಲಿ ಎಲ್ಲ ಸೇರಿದರೆ ಲಕ್ಷ ದಾಟುತ್ತದೆ. ನನ್ನ ಜೀಪಿನ ಬೆಲೆಗೆ ಅದು ಹೊಂದುವುದಿಲ್ಲ.

ಲಿಮಿಟೆಡ್ ಸ್ಲಿಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಸರಿಗೆ ಪರವಾಗಿಲ್ಲ, ಚಕ್ರ ಪೂರ್ತಿ ಎದ್ದಾಗ ಕೈ ಕೊಡುತ್ತದೆ. ಕ್ಲಚ್ ಪ್ಲೇಟ್ ಇರುವಂಥದ್ದಕ್ಕೆ ಅದರದ್ದೇ ಎಣ್ಣೆ ಬೇಕು.

ಗಾಡಿಯನ್ನೇ ಬದಲಾಯಿಸುವ ಯೋಚನೆ ಇದ್ದರೆ ಲೆಕ್ಕ ಬೇರೆ. ಕಂಪನಿಯಿಂದಲೇ ಲಾಕರ್ ಬಂದ ಸೆಕೆಂಡ್ ಹ್ಯಾಂಡ್ ಗಾಡಿಯೇ ಕೊನೆಗೆ ಅಗ್ಗ. 2015ರಲ್ಲಿ ಬದಲಾದ ಥಾರ್‌ಗೆ ಹಿಂದಿನ ಆಕ್ಸಲ್‌ನಲ್ಲಿ ಈಟನ್ ಲಾಕರ್ ಬಂತು. ಎರಡು ಚಕ್ರದ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತು ವ್ಯತ್ಯಾಸ ಬಂದರೆ ತಾನೇ ಬೀಳುತ್ತದೆ. ಸುಮಾರು 30 ಕಿಲೋಮೀಟರ್ ವೇಗ ದಾಟಿದರೆ ಬೀಳುವುದೇ ಇಲ್ಲ. ನಮ್ಮ ಘಟ್ಟಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಓಡಿಸುವವರು ಒಂದು ಕಲಿಯಬೇಕು: ಚಕ್ರ ತಿರುಗಲು ಶುರುವಾದ ಕೂಡಲೇ ಹೆದರಿ ಕಾಲು ತೆಗೆಯಬಾರದು. ಸಮವಾಗಿ ಒತ್ತಿ ಹಿಡಿದರೆ ಟಕ್ ಅಂತ ಕಚ್ಚುತ್ತದೆ. 2020ರ ನಂತರದ ಥಾರ್‌ನಲ್ಲಿ ಎಲ್ಲ ಮಾದರಿಗೂ ಇದು ಇಲ್ಲ, ಕೇಳಿಯೇ ಕೊಳ್ಳಿ. ಫೋರ್ಸ್ ಕಂಪನಿಯ ಗೂರ್ಖಾಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಂಪನಿ ಲಾಕ್ ಇದೆ. 2023ರ ಜಿಮ್ನಿಗೆ ಲಾಕರ್ ಇಲ್ಲ, ಜಾರುವ ಚಕ್ರಕ್ಕೆ ಬ್ರೇಕ್ ಹಿಡಿಯುವ ವ್ಯವಸ್ಥೆ ಇದೆ. ತೋಟದ ದಾರಿಗೆ ಅದೂ ಸಾಕಾಗುತ್ತದೆ. ಸಾದಾ ಡಿಫ್ ಇರುವ ಹಳೇ ಗಾಡಿಯಲ್ಲೂ ಆಕ್ಸಲರೇಟರ್ ಜೊತೆ ಎಡಗಾಲಿನಿಂದ ಬ್ರೇಕ್ ಹದವಾಗಿ ಒತ್ತಿ ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಎದ್ದು ಬರುತ್ತದೆ. ಪುಕ್ಕಟೆ.

ಯಾವ ಲಾಕರ್ ಆದರೂ ಪಕ್ಕಕ್ಕೆ ಇಳಿಜಾರಿರುವ ದಾರಿಯಲ್ಲಿ ಎಚ್ಚರ ಬೇಕು. ಒಂದು ಕಡೆ ಎತ್ತರದ ಧರೆ, ಇನ್ನೊಂದು ಕಡೆ ಕೆಳಗೆ ತೋಟ, ನಡುವೆ ಪಾಚಿ ಕಟ್ಟಿದ ದಾರಿ. ಸಾದಾ ಡಿಫ್‌ನಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ನಿಂತು ಗಾಡಿಯನ್ನು ಹಿಡಿದಿರುತ್ತದೆ. ಲಾಕ್ ಆದರೆ ಎರಡೂ ತಿರುಗುತ್ತವೆ, ಹಿಡಿಯುವವರಿಲ್ಲ, ಹಿಂಭಾಗ ಸೀದಾ ತೋಟದ ಕಡೆ ಸರಿಯುತ್ತದೆ. ಅಂಥ ಕಡೆ ಲಾಕ್ ತೆಗೆದೇ ಹೋಗಿ.

ಆರ್ಡರ್ ಮಾಡುವ ಮೊದಲು ಎಣಿಸುವ ಕೆಲಸ ಇದೆ. "ಎಲ್ಲ ಜೀಪಿಗೂ ಕೂರ್ತದೆ" ಅನ್ನುವ ಮಾತು ನಂಬಬೇಡಿ. ಹೌಸಿಂಗ್ ಬಿಚ್ಚಿಸಿ, ಆಕ್ಸಲ್ ಹೊರಗೆ ತೆಗೆದು ಅದರ ತುದಿಯ ಸ್ಪ್ಲೈನ್ (ಉದ್ದುದ್ದ ಹಲ್ಲು) ಎಣಿಸಿ. ಎಣ್ಣೆ ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಅಲ್ಲಿಂದ ಶುರು ಮಾಡಿ, ಇಲ್ಲದಿದ್ದರೆ ಪ್ರತಿ ಸಲ ಲೆಕ್ಕ ಬೇರೆ ಬರುತ್ತದೆ. ಆಮೇಲೆ ಕ್ರೌನ್ ಹಲ್ಲು, ಪಿನಿಯನ್ ಹಲ್ಲು. 43ಕ್ಕೆ 8 ಇದ್ದರೆ ರೇಶಿಯೋ 5.38. ಬಿಚ್ಚದೆ ಅಂದಾಜು ಬೇಕಾದರೆ ಹಿಂದಿನ ಒಂದೇ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಗೇರ್ ಬಾಕ್ಸ್ ಕಡೆಯಿಂದ ಡಿಫ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಸ್ಟಾರ್ ಗೇರಿನ ಪಿನ್ ಸವೆದಿದ್ದರೆ, ಕೇಸ್ ಬಿರುಕು ಬಿಟ್ಟಿದ್ದರೆ ಅದರೊಳಗೆ ಹೊಸ ಲಂಚ್ ಬಾಕ್ಸ್ ಹಾಕುವುದು ದುಡ್ಡು ದಂಡ. ಜಿಪ್ಸಿಯವರು ಹೊರದೇಶದ ಸಾಮಾನು ಹುಡುಕುವಾಗ ಸುಝುಕಿ ಸಮುರಾಯ್ ಹೆಸರಿನಲ್ಲೂ ಹುಡುಕಿ. ಕಸ್ಟಮ್ಸ್ ಮತ್ತು ಸಾಗಣೆ ಖರ್ಚು ಮೊದಲೇ ಕೂಡಿಸಿಕೊಳ್ಳಿ. ವಾರಂಟಿ ಇರುವ ಗಾಡಿ ಆದರೆ ಕೈ ಹಾಕುವ ಮೊದಲು ಕಂಪನಿಯಲ್ಲಿ ಕೇಳಿ.

ಹೌಸಿಂಗ್ ಹೇಗೂ ಬಿಚ್ಚಿದ್ದೀರಿ, ಅದರ ಗಾಳಿ ಕಿಂಡಿಗೆ (ಬ್ರೀದರ್) ಒಂದು ಉದ್ದ ಪೈಪು ಹಾಕಿಸಿ ಬಾನೆಟ್ ಒಳಗೆ ತನಕ ಎತ್ತಿ ಕಟ್ಟಿಸಿ. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ ಲೆಕ್ಕ, ಕೂಡಲೇ ಬದಲಾಯಿಸಬೇಕು. ಲಾಕರ್ ಕೂರಿಸಿದ ಮೇಲೆ ಮೊದಲ ಎಣ್ಣೆಯನ್ನು ಬೇಗ ಇಳಿಸಿ, ಪ್ಲಗ್ಗಿನ ಮೇಲೆ ಲೋಹದ ಚೂರು ಇದೆಯಾ ನೋಡಿ. ಮುಟ್ಟಿದರೆ ಹಿಟ್ಟಿನಂತಿದ್ದರೆ ಸರಿ. ಉಗುರಿಗೆ ಸಿಗುವಂಥ ಚೂರು ಬಂದರೆ ಮತ್ತೆ ಬಿಚ್ಚಿಸಿ.

ಇದೆಲ್ಲ ಮಾಡಿಸುವವರು ಅಡಿಕೆ ಕೊಯ್ಲು ಮುಗಿದ ಕೂಡಲೇ ಗ್ಯಾರೇಜಿಗೆ ಗಾಡಿ ಬಿಡಿ. ಮೇ ಕೊನೆಗೆ ಹೋದರೆ ಮಳೆಗಾಲದ ತಯಾರಿಗೆ ಬಂದವರೇ ಸಾಲುಗಟ್ಟಿರುತ್ತಾರೆ. ಹೊರಗಿನಿಂದ ಬರುವ ಸಾಮಾನು ತಡವಾದರೆ ಬಿಚ್ಚಿಟ್ಟ ಜೀಪು ಮಿರ್ಗದ (ಮೃಗಶಿರಾ) ಮಳೆ ಬರುವವರೆಗೂ ಅಲ್ಲೇ ಇರುತ್ತದೆ.