ಬಂದವರೆಷ್ಟು, ಬಿಟ್ಟವರೆಷ್ಟು: ಸರ್ಕಾರಿ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಬದಲಾವಣೆಯನ್ನು ಲೆಕ್ಕ ಹಾಕುವ ಕ್ರಮ

ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಜಿಲ್ಲೆಗೆ ಹೋಗುವ ಸಿಬ್ಬಂದಿ ವಿವರದಲ್ಲಿ ಎಲ್ಲರ ಕಣ್ಣೂ ಹೋಗುವುದು ಮೂರು ಅಂಕಣಗಳ ಮೇಲೆ: ಮಂಜೂರು, ಭರ್ತಿ, ಖಾಲಿ. ಇವು ಒಂದು ದಿನದ ಸ್ಥಿತಿಯನ್ನು ಹೇಳುತ್ತವೆಯೇ ಹೊರತು, ವರ್ಷದುದ್ದಕ್ಕೂ ಯಾರು ಬಂದರು, ಯಾರು ಹೋದರು, ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹುದ್ದೆ ಎಷ್ಟು ದಿನ ಬರಿದಾಗಿತ್ತು ಎಂಬುದನ್ನು ಹೇಳುವುದಿಲ್ಲ. ನಡುರಾತ್ರಿ ಹೆರಿಗೆ ನೋವಿನಿಂದ ಕೇಂದ್ರಕ್ಕೆ ಬಂದ ಹೆಣ್ಣುಮಗಳಿಗೆ ತಟ್ಟುವುದು ಈ ಎರಡನೆಯ ಲೆಕ್ಕ. ಅದನ್ನು ತಾಲ್ಲೂಕು ಮಟ್ಟದಲ್ಲಿಯೇ, ಕೈಯಲ್ಲಿರುವ ದಾಖಲೆಗಳಿಂದಲೇ, ತಯಾರಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಯಾರನ್ನು ಎಣಿಸಬೇಕೆಂದು ನಿರ್ಧರಿಸಿ ಬರೆದಿಡಬೇಕು. ಖಾಯಂ ನೌಕರರು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು, ಏಜೆನ್ಸಿ ಮೂಲಕ ಬರುವ ಹೊರಗುತ್ತಿಗೆ ಗ್ರೂಪ್ ಡಿ ಸಿಬ್ಬಂದಿ, ಕಡ್ಡಾಯ ಸೇವೆಯ ಮೇಲೆ ಒಂದು ವರ್ಷಕ್ಕೆ ಬರುವ ವೈದ್ಯರು, ಇವರೆಲ್ಲ ಒಂದೇ ಕೇಂದ್ರದಲ್ಲಿ ದುಡಿದರೂ ಬರುವ ದಾರಿ, ಹೋಗುವ ದಾರಿ ಬೇರೆಬೇರೆಯಾದ್ದರಿಂದ ಪ್ರತಿ ಗುಂಪಿಗೂ ಪ್ರತ್ಯೇಕ ಪಟ್ಟಿ ಬೇಕು. ಕಡ್ಡಾಯ ಸೇವೆಯ ವೈದ್ಯರು ಅವಧಿ ಮುಗಿಸಿ ಹೋಗುವುದು ಮೊದಲೇ ಗೊತ್ತಿರುವ ಸಂಗತಿ. ಅದನ್ನು ಖಾಯಂ ವೈದ್ಯರ ರಾಜೀನಾಮೆಯೊಂದಿಗೆ ಕೂಡಿಸಿದರೆ ಬರುವ ಶೇಕಡಾವಾರು ಯಾರಿಗೂ ಉಪಯೋಗವಿಲ್ಲ. ಆಶಾ ಕಾರ್ಯಕರ್ತೆಯರು ಗೌರವಧನದ ಮೇಲೆ ಕೆಲಸ ಮಾಡುವವರಾದರೂ ಅವರಿಗೂ ಒಂದು ಪಟ್ಟಿ ಇರಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಬ್ಬ ಆಶಾ ಬಿಟ್ಟುಹೋದರೆ ಸುಮಾರು ಸಾವಿರ ಜನರ ಊರಿಗೆ ಮನೆಮನೆಯ ಭೇಟಿಯೇ ನಿಂತುಹೋಗುತ್ತದೆ.

ಎರಡನೆಯದಾಗಿ, ಯಾವ ಮಟ್ಟದ ಲೆಕ್ಕ ಎಂಬುದು ಸ್ಪಷ್ಟವಿರಬೇಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅದೇ ತಾಲ್ಲೂಕಿನ ಇನ್ನೊಂದಕ್ಕೆ ವರ್ಗವಾದ ಶುಶ್ರೂಷಾಧಿಕಾರಿ (ನರ್ಸ್) ಮೊದಲ ಕೇಂದ್ರದ ಪಾಲಿಗೆ ಬಿಟ್ಟವರು, ಎರಡನೆಯದರ ಪಾಲಿಗೆ ಬಂದವರು, ತಾಲ್ಲೂಕಿನ ಪಾಲಿಗೆ ಎರಡೂ ಅಲ್ಲ. ಹಾಗಾಗಿ ಕೇಂದ್ರಗಳ ಅಂಕಿಗಳನ್ನು ಸುಮ್ಮನೆ ಕೂಡಿಸಿ ತಾಲ್ಲೂಕಿನ ಅಂಕಿ ಎಂದು ಬರೆಯುವಂತಿಲ್ಲ.

ಇನ್ನು ದಾಖಲೆಯ ಮಾತು. ಒಂದು ವಹಿಯಲ್ಲಿ ಅಥವಾ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಬರುವಿಕೆಗೂ ಪ್ರತಿ ಹೋಗುವಿಕೆಗೂ ಒಂದೊಂದು ಸಾಲು ಇರಲಿ: ಹುದ್ದೆ, ಕೇಂದ್ರ, ನೌಕರರ ಗುರುತಿನ ಸಂಖ್ಯೆ, ದಿನಾಂಕ, ಕಾರಣ. ಖಾಯಂ ನೌಕರರಿಗೆ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ) ಸಂಖ್ಯೆ ಸಾಕು. ಗುತ್ತಿಗೆಯವರಿಗೆ ಕಚೇರಿಯೇ ಒಂದು ಸಂಖ್ಯೆ ಕೊಟ್ಟು ಅದನ್ನು ಕೊನೆಯವರೆಗೆ ಬದಲಿಸದೆ ಉಳಿಸಿಕೊಳ್ಳಬೇಕು. ದಿನಾಂಕವೆಂದರೆ ವರ್ಗಾವಣೆ ಆದೇಶದ ದಿನಾಂಕವಲ್ಲ. ಆದೇಶ ಕೈಗೆ ಬಂದ ಮೇಲೂ ಬದಲಿ ವ್ಯವಸ್ಥೆ ಆಗುವವರೆಗೆ ಬಿಡುಗಡೆ ಸಿಗದೆ ಅಲ್ಲಿಯೇ ಕೆಲಸ ಮಾಡುವವರುಂಟು. ಆದ್ದರಿಂದ ಬಿಡುಗಡೆ ಆದೇಶದಲ್ಲಿ, ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ ಇರುವ ದಿನಾಂಕವನ್ನೇ, ಪೂರ್ವಾಹ್ನವೋ ಅಪರಾಹ್ನವೋ ಎಂಬುದರ ಸಮೇತ, ಬರೆದುಕೊಳ್ಳಬೇಕು. ಅಪರಾಹ್ನ ಬಿಡುಗಡೆಯಾಗಿದ್ದರೆ ಆ ದಿನ ಹುದ್ದೆ ಭರ್ತಿಯಾಗಿತ್ತೆಂದೇ ಲೆಕ್ಕ.

ಗುತ್ತಿಗೆ ನೌಕರರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮಾರ್ಚ್ 31ಕ್ಕೆ ಕರಾರು ಮುಗಿದು, ಒಂದು ದಿನ ಬಿಟ್ಟು ಏಪ್ರಿಲ್ 2ರಿಂದ ಹೊಸ ಕರಾರು ಆರಂಭವಾದರೆ ಕಾಗದದ ಮೇಲೆ ಅವರು ಹೋಗಿ ಬಂದಂತಾಗುತ್ತದೆ. ಅದೇ ವ್ಯಕ್ತಿ ಅದೇ ಹುದ್ದೆಗೆ 30 ದಿನಗಳೊಳಗೆ ಮರಳಿದರೆ ಬದಲಾವಣೆ ಎಂದು ಎಣಿಸಬಾರದು ಎಂಬಂಥ ನಿಯಮವೊಂದನ್ನು ಮೊದಲೇ ಮಾಡಿಕೊಂಡು, ಪ್ರತಿ ವರ್ಷವೂ ಅದನ್ನೇ ಪಾಲಿಸಬೇಕು.

ನಿಯೋಜನೆ, ಅಂದರೆ ಒಂದು ಕಡೆಯ ಹುದ್ದೆಯಲ್ಲಿದ್ದುಕೊಂಡು ಇನ್ನೊಂದು ಕಡೆ ಕೆಲಸ ಮಾಡುವುದು, ಇನ್ನೂ ತೊಡಕಿನದು. ನಾನು ನೋಡಿದ ಒಂದು ಕೇಂದ್ರದ ಹಾಜರಾತಿ ಪುಸ್ತಕದಲ್ಲಿ ಶುಶ್ರೂಷಾಧಿಕಾರಿಯೊಬ್ಬರ ಹೆಸರಿನ ಮುಂದೆ ಸಹಿ ಇರಬೇಕಾದ ಮನೆಗಳಲ್ಲೆಲ್ಲ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೆರೆ ಎಳೆದು ‘ನಿಯೋಜನೆ’ ಎಂದು ಬರೆದಿತ್ತು. ಹಿಂದಿನ ತಿಂಗಳ ಪುಟದಲ್ಲೂ ಹಾಗೆಯೇ, ಅದರ ಹಿಂದಿನದರಲ್ಲೂ ಹಾಗೆಯೇ. ಸಂಬಳದ ಪಟ್ಟಿಯ ಪ್ರಕಾರ ಆ ಹುದ್ದೆ ಭರ್ತಿ, ಹೆರಿಗೆ ಕೋಣೆಯ ಪ್ರಕಾರ ಖಾಲಿ. ಹೀಗಾಗಿ ‘ವೇತನ ಪಡೆಯುವ ಸ್ಥಳ’, ‘ಕೆಲಸ ಮಾಡುವ ಸ್ಥಳ’ ಎಂದು ಎರಡು ಅಂಕಣ ಇಡುವುದು ಅಗತ್ಯ. 180 ದಿನಗಳ ಹೆರಿಗೆ ರಜೆಯಂಥ ದೀರ್ಘ ರಜೆಯನ್ನೂ ಬಿಟ್ಟುಹೋಗುವಿಕೆ ಎನ್ನದೆ ಬೇರೆಯಾಗಿ ಗುರುತಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ತಾಲ್ಲೂಕಿನಲ್ಲಿ ಏಪ್ರಿಲ್ 1ರಂದು 36 ಶುಶ್ರೂಷಾಧಿಕಾರಿಗಳಿದ್ದರು, ವರ್ಷದಲ್ಲಿ 9 ಜನ ಬಂದರು, 11 ಜನ ಹೋದರು, ಮಾರ್ಚ್ 31ಕ್ಕೆ 34 ಜನ ಉಳಿದರು ಎಂದಿಟ್ಟುಕೊಳ್ಳಿ. ಆರಂಭಕ್ಕೆ ಬಂದವರನ್ನು ಕೂಡಿಸಿ ಹೋದವರನ್ನು ಕಳೆದಾಗ ಕೊನೆಯ ಸಂಖ್ಯೆ ಬರಲೇಬೇಕು. ಬರದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ, ಅದು ಸಿಗುವವರೆಗೆ ಮುಂದಕ್ಕೆ ಹೋಗಬೇಡಿ. ಸರಾಸರಿ ಸಂಖ್ಯೆ 35. ಬಿಟ್ಟವರ ದರ 11ನ್ನು 35ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 31.4, ಸೇರಿದವರ ದರ ಅದೇ ರೀತಿ ಶೇ. 25.7. ಸಂಖ್ಯೆ ವರ್ಷದ ನಡುವೆ ಬಹಳ ಏರಿಳಿದಿದ್ದರೆ ಎರಡು ತುದಿಗಳ ಬದಲು ಹನ್ನೆರಡು ತಿಂಗಳ ಸರಾಸರಿಯನ್ನು ಹಿಡಿಯುವುದು ಲೇಸು.

ಕೆಲವು ಕಡೆ ಈ ಶ್ರಮವಿಲ್ಲದೆ ಎರಡು ವರ್ಷಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಹಳೆಯದರಲ್ಲಿದ್ದು ಹೊಸದರಲ್ಲಿಲ್ಲದವರನ್ನು ಮಾತ್ರ ಎಣಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಏಪ್ರಿಲ್‌ನ 36 ಜನರಲ್ಲಿ 28 ಜನ ಮಾರ್ಚ್ ಕೊನೆಗೂ ಇದ್ದರೆನ್ನಿ. ಪಟ್ಟಿ ಹೋಲಿಸಿದವರಿಗೆ ಕಾಣುವುದು 8 ಜನರ ನಿರ್ಗಮನ, ಅಂದರೆ ಸರಾಸರಿ ಸಂಖ್ಯೆ 35ರಿಂದ ಭಾಗಿಸಿದರೆ ಶೇ. 22.9 ಮಾತ್ರ. ವರ್ಷದೊಳಗೇ ಬಂದು ವರ್ಷದೊಳಗೇ ಹೋದ ಮೂವರು ಎರಡೂ ಪಟ್ಟಿಗಳಲ್ಲಿ ಇರುವುದಿಲ್ಲ. ಬಂದವರು ಏಕೆ ನಿಲ್ಲಲಿಲ್ಲ ಎಂದು ಕೇಳಬೇಕಾದದ್ದು ಆ ಮೂವರನ್ನೇ. ಆರಂಭದಲ್ಲಿದ್ದವರಲ್ಲಿ ಕೊನೆಯವರೆಗೆ ಉಳಿದವರ ಪಾಲನ್ನು, ಇಲ್ಲಿ 28 ಭಾಗಿಸು 36, ಶೇ. 77.8, ಸ್ಥಿರತೆಯ ದರವೆಂದು ಜೊತೆಗೆ ಕೊಡಬೇಕು. ಬಿಟ್ಟವರ ದರ ಹೆಚ್ಚಿದ್ದೂ ಸ್ಥಿರತೆ ಚೆನ್ನಾಗಿದ್ದರೆ ಕೆಲವೇ ಹುದ್ದೆಗಳು ಮತ್ತೆ ಮತ್ತೆ ಖಾಲಿಯಾಗುತ್ತಿವೆ ಎಂದು ಅರ್ಥ.

ಆ ಹುದ್ದೆಗಳನ್ನು ಹುಡುಕಲು ವಹಿಯನ್ನು ಕೇಂದ್ರವಾರು ಜೋಡಿಸಿ ನೋಡಬೇಕು. ಹನ್ನೊಂದರಲ್ಲಿ ಐದು ನಿರ್ಗಮನಗಳು ಒಂದೇ ಕೇಂದ್ರದ ಎರಡು ಹುದ್ದೆಗಳಿಂದ ಆಗಿದ್ದು, ಐವರು ಹೊಸಬರೂ ಅಲ್ಲಿಗೇ ಬಂದಿದ್ದರೆ, ಮಾರ್ಚ್ 31ರ ವರದಿಯಲ್ಲಿ ಆ ಕೇಂದ್ರದ ಮುಂದೆ ಮಂಜೂರು 2, ಭರ್ತಿ 2, ಖಾಲಿ 0 ಎಂದೇ ಇರುತ್ತದೆ. ಎರಡು ಹುದ್ದೆಗಳಿಗೆ ವರ್ಷಕ್ಕೆ 730 ಹುದ್ದೆ-ದಿನಗಳು. ಬಿಡುಗಡೆಗೂ ಮುಂದಿನವರ ಹಾಜರಿಗೂ ನಡುವಿನ ಅಂತರಗಳನ್ನು ಕೂಡಿಸಿದಾಗ 240 ದಿನ ಬಂದರೆ, ಆ ಹುದ್ದೆ-ದಿನಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಖಾಲಿಯಾಗಿತ್ತು. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರ ಎಂಬ ಮಾನದಂಡ ನೆನೆದರೆ ಈ 240 ದಿನಗಳ ಭಾರ ತಿಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಮೇಲಧಿಕಾರಿಗಳ ಮುಂದೆ ಮೊದಲು ಇಡಬೇಕಾದ ಅಂಕಿ ಇದೇ.

ಒಬ್ಬರೇ ವೈದ್ಯಾಧಿಕಾರಿ ಇರುವಲ್ಲಿ ಅವರು ಹೋದರೆ ಶೇ. 100 ಎಂದು ಬರೆಯುವುದರಲ್ಲಿ ಅರ್ಥವಿಲ್ಲ. ಅಂಥ ಕಡೆ ಖಾಲಿ ದಿನಗಳನ್ನು ಮಾತ್ರ ಕೊಡಿ, ಅಥವಾ ಮೂರು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಕೊಡಿ.

ಕಾರಣದ ಅಂಕಣದಲ್ಲಿ ‘ವೈಯಕ್ತಿಕ’ ಎಂಬ ಪದಕ್ಕೆ ಜಾಗ ಕೊಡಬೇಡಿ. ವಯೋನಿವೃತ್ತಿ, ಸ್ವಯಂ ನಿವೃತ್ತಿ, ಕೋರಿಕೆ ವರ್ಗಾವಣೆ, ಸಾರ್ವಜನಿಕ ಹಿತದೃಷ್ಟಿಯ ವರ್ಗಾವಣೆ, ರಾಜೀನಾಮೆ, ಕರಾರು ಮುಕ್ತಾಯ, ಅನಧಿಕೃತ ಗೈರು, ಮರಣ ಎಂದು ಬಿಡಿಸಿ ಬರೆಯಿರಿ. ಇವುಗಳಲ್ಲಿ ವಯೋನಿವೃತ್ತಿಯನ್ನು ಮುಂಚಿತವಾಗಿಯೇ ತಿಳಿಯಬಹುದು: 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ, ತಿಂಗಳ ಒಂದನೆಯ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಸೇವಾ ಪುಸ್ತಕದ ಜನ್ಮ ದಿನಾಂಕದಿಂದ ಮುಂದಿನ ಐದು ವರ್ಷಗಳ ಪಟ್ಟಿ ಮಾಡಿಟ್ಟರೆ ಬದಲಿ ಕೋರಿಕೆಯನ್ನು ಆರು ತಿಂಗಳು ಮೊದಲೇ ಕಳಿಸಬಹುದು. ರಾಜೀನಾಮೆ, ಕೋರಿಕೆ ವರ್ಗಾವಣೆಗಳ ಮಟ್ಟಿಗೆ, ಪ್ರಭಾರ ಹಸ್ತಾಂತರದ ದಿನವೇ ಅವರನ್ನು ಕೂರಿಸಿಕೊಂಡು, ವಸತಿಗೃಹ ವಾಸಯೋಗ್ಯವಾಗಿತ್ತೇ, ವೇತನ ತಿಂಗಳಿಗೆ ಸರಿಯಾಗಿ ಆಯಿತೇ, ರಾತ್ರಿ ಪಾಳಿಯಲ್ಲಿ ಜೊತೆಗೆ ಇನ್ನೊಬ್ಬರಿದ್ದರೇ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ಅದೇ ಸಾಲಿನಲ್ಲಿ ಬರೆದುಕೊಳ್ಳಿ.