ಪ್ರಿವ್ಯೂ ಮುಗಿದ ಮೇಲೆ ಮೈಕ್ ನಿಮ್ಮ ಕೈಗೆ ಬಂದರೆ

ಕಳೆದ ತಿಂಗಳು ಬೆಂಗಳೂರಿನ ಪುಟ್ಟ ಪ್ರಿವ್ಯೂ ಥಿಯೇಟರೊಂದರಲ್ಲಿ, ಬಿಡುಗಡೆಗೆ ಹತ್ತು ದಿನ ಮೊದಲು, ಒಂದು ಕನ್ನಡ ಚಿತ್ರ ನೋಡಿದೆ. ಚಿತ್ರ ಮುಗಿದ ಮೇಲೆ ಚಿತ್ರತಂಡದೊಂದಿಗಿನ ಸಂವಾದಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ಅದರಲ್ಲಿ ಏಳು ನಿಮಿಷವನ್ನು ಪ್ರೇಕ್ಷಕರೊಬ್ಬರೇ ಮಾತನಾಡಿ ಮುಗಿಸಿದರು. ಆ ಮಾತಿನಲ್ಲಿ ಪ್ರಶ್ನೆಯೇ ಇರಲಿಲ್ಲ. ಇಡೀ ಚಿತ್ರದ ಮಳೆಯನ್ನು ಕಿವಿಗೆ ಕಟ್ಟಿಕೊಟ್ಟ ಶಬ್ದ ವಿನ್ಯಾಸಕಿ ಪರದೆಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಇಂಥದ್ದನ್ನು ಹಲವು ಸಲ ಕಂಡು ನೊಂದಿದ್ದೇನೆ; ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಆಸನ. ಆಹ್ವಾನವಿದೆ ಎಂದ ಮಾತ್ರಕ್ಕೆ ಆಸನವಿದೆ ಎಂದುಕೊಳ್ಳಬೇಡಿ. ಕರೆದವರೆಲ್ಲ ಬರುವುದಿಲ್ಲ ಎಂಬ ಲೆಕ್ಕದಲ್ಲಿ ಉಚಿತ ಪ್ರದರ್ಶನಗಳಿಗೆ ಹೆಚ್ಚುವರಿ ಆಹ್ವಾನ ಹಂಚುವುದುಂಟು. ಮುಕ್ಕಾಲು ಗಂಟೆ ಮೊದಲೇ ಹೋಗಿ, ಸಾಲುಗಳ ನಡುವೆ ಓಡಾಡುವ ದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಮೈಕ್ ಸುಲಭವಾಗಿ ತಲುಪುವುದು ಅಲ್ಲಿಗೇ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಕ್ಯೂಆರ್ ಕೋಡ್ ನೆಚ್ಚಿಕೊಂಡು ಹೊರಡಬೇಡಿ, ಅದು ಮೊದಲು ತೋರಿಸಿದವರಿಗಷ್ಟೇ ಬಾಗಿಲು ತೆರೆಯುತ್ತದೆ. ದುಡ್ಡು ಕೊಟ್ಟು ನೋಡುವ ಪೇಯ್ಡ್ ಪ್ರೀಮಿಯರ್‌ಗಳಲ್ಲಿ ಜಾಗ ಖಚಿತ, ಆದರೆ ಅಲ್ಲಿ ಮಾತಿಗಿಂತ ಸೆಲ್ಫಿಗೇ ಹೆಚ್ಚು ಹೊತ್ತು ಹೋಗುತ್ತದೆ. ಸಿನಿಮಾ ಬಗ್ಗೆ ಕುಳಿತು ಮಾತನಾಡುವ ಆಸೆಯಿದ್ದರೆ ಫಿಲ್ಮ್ ಸೊಸೈಟಿ ಸೇರಿ. ಬನಶಂಕರಿಯಲ್ಲಿರುವ ಸುಚಿತ್ರಾ 1971ರಿಂದ ಈ ಕೆಲಸ ಮಾಡುತ್ತಿದೆ.

ಮೊಬೈಲ್ ಆಫ್ ಮಾಡಿ ಚೀಲದೊಳಗಿಡಿ. ‘ಸ್ಟೇಟಸ್‌ಗೆ ಹತ್ತೇ ಸೆಕೆಂಡು’ ಎಂದು ಪರದೆಯನ್ನು ಚಿತ್ರೀಕರಿಸುವವರಿದ್ದಾರೆ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಚಿತ್ರೀಕರಣಕ್ಕೆ ಕನಿಷ್ಠ 3 ತಿಂಗಳ ಜೈಲು ಮತ್ತು 3 ಲಕ್ಷ ರೂಪಾಯಿ ದಂಡವಿದೆ.

ಚಿತ್ರ ಶುರುವಾದಾಗ ಸೆನ್ಸಾರ್ ಪ್ರಮಾಣಪತ್ರ ತೋರಿಸುತ್ತಾರೆಯೇ ಎಂದು ಗಮನಿಸಿ. ಅದು ಬಂದ ಮೇಲೆ ಒಂದು ದೃಶ್ಯ ಕತ್ತರಿಸಿದರೂ ಮಂಡಳಿಗೆ ತಿಳಿಸಬೇಕಾಗುತ್ತದೆ. ಪತ್ರ ಕಾಣದಿದ್ದರೆ ಚಿತ್ರ ಬಹುಶಃ ಇನ್ನೂ ಸಂಕಲನದ ಮೇಜಿನ ಮೇಲಿದೆ. ಆಗ ಬಣ್ಣ ಮಂಕಾಗಿದೆ, ಸಂಗೀತ ಅರೆಬರೆಯಾಗಿದೆ ಎಂದು ದೂರಬೇಡಿ. ಕಥೆ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಎಳೆದಂತಾಯಿತು ಎಂಬುದನ್ನು ನೆನಪಿಡಿ. ಸಂಕಲನಕಾರರಿಗೆ ಬೇಕಿರುವುದು ಅದೇ.

ಟಿಪ್ಪಣಿಗೆ ಅಂಗೈಯಗಲದ ಪುಸ್ತಕ, ಒಂದು ಪೆನ್ಸಿಲ್ ಸಾಕು. ತುದಿಯಲ್ಲಿ ದೀಪವಿರುವ ಪೆನ್ನು ಕೊಳ್ಳಲೇಬೇಡಿ. ಪಕ್ಕದವರಿಗೆ ತೊಂದರೆಯಾಗದು ಎಂದು ಮಾರುತ್ತಾರೆ, ಹಿಂದಿನ ಎರಡು ಸಾಲಿನವರ ಕಣ್ಣಿಗೂ ಚುಚ್ಚುತ್ತದೆ. ದೃಶ್ಯಕ್ಕೆ ಎರಡು ಮೂರು ಪದ ಗೀಚಿದರೆ ಸಾಕು: ‘ಬಾಗಿಲು, ಕ್ಯಾಮೆರಾ ಹೊರಗೆ’.

ಇನ್ನು ಪ್ರಶ್ನೆ. ಜನ ಎಡವುವುದು ಇಲ್ಲೇ. ಹೆಸರುಗಳು ಪರದೆಯ ಮೇಲೆ ಓಡುತ್ತಿರುವಾಗ ಮೊಬೈಲ್ ತೆರೆಯುವ ಬದಲು ಪ್ರಶ್ನೆಯನ್ನು ಒಂದು ವಾಕ್ಯವಾಗಿ ಬರೆಯಿರಿ. ಒಂದೇ ಉಸಿರಿಗೆ ಓದಲಾಗದಿದ್ದರೆ ಅದು ಎರಡು ಪ್ರಶ್ನೆ, ಒಂದನ್ನು ಹೊಡೆದುಹಾಕಿ. ‘ಇಡೀ ತಂಡಕ್ಕೆ ಅಭಿನಂದನೆ’ ಎಂದು ಶುರು ಮಾಡುವುದು ಬೇಡ, ಅದನ್ನು ನಿಮ್ಮ ಚಪ್ಪಾಳೆಯೇ ಹೇಳಿಯಾಗಿದೆ. ಟ್ರೇಲರ್ ನೋಡಿ ಮನೆಯಲ್ಲೇ ಸಿದ್ಧಪಡಿಸಿದ ಪ್ರಶ್ನೆಯನ್ನಂತೂ ಕೇಳಲೇಬಾರದು. ‘ಈ ಚಿತ್ರದ ಸಂದೇಶವೇನು?’ ಎಂದರೆ ನಿರ್ದೇಶಕರು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ‘ತಾಯಿ ಬಾಗಿಲು ತೆರೆದಾಗ ಕ್ಯಾಮೆರಾ ಹೊರಗೇ ಉಳಿಯಿತು, ಒಳಗಿನಿಂದಲೂ ಚಿತ್ರೀಕರಿಸಿದ್ದಿರಾ?’ ಎಂದು ಕೇಳಿ. ಛಾಯಾಗ್ರಾಹಕರು ನಿರ್ದೇಶಕರ ಮುಖ ನೋಡುತ್ತಾರೆ, ಆ ದಿನ ಸೆಟ್ಟಿನಲ್ಲಿ ನಡೆದದ್ದು ಹೊರಗೆ ಬರುತ್ತದೆ. ಯಾರಿಗೆ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿ. ಸಾಲಾಗಿ ನಿಂತ ಎಂಟು ಜನರಲ್ಲಿ ನಾಯಕನಿಗೇ ಎಲ್ಲ ಪ್ರಶ್ನೆ ಹೋಗುವುದು ಅನ್ಯಾಯ. ಸಂಕಲನಕಾರರನ್ನು, ಕಲಾ ನಿರ್ದೇಶಕರನ್ನು ಕೇಳಿ.

ಚಿತ್ರ ಹಿಡಿಸದಿದ್ದರೂ ಕೇಳಿ. ಆದರೆ ತೀರ್ಪು ಕೊಡಬೇಡಿ, ನಿಮಗಾದ ತೊಡಕನ್ನು ಹೇಳಿ: ‘ಮಧ್ಯಂತರದ ನಂತರ ಅಣ್ಣ ಯಾವ ಊರಿನಲ್ಲಿದ್ದಾನೆಂದು ನನಗೆ ತಿಳಿಯಲಿಲ್ಲ, ಬೇಕೆಂದೇ ಬಿಟ್ಟಿರಾ?’ ಮೈಕ್ ಆನ್ ಆಗಿದೆಯೇ ನೋಡಿ, ಬಾಯಿಂದ ಒಂದು ಮುಷ್ಟಿ ದೂರ ಹಿಡಿಯಿರಿ, ಊದಬೇಡಿ. ಕನ್ನಡ ಚಿತ್ರಕ್ಕೆ ಕನ್ನಡದಲ್ಲೇ ಕೇಳಿ, ಕಲಬುರಗಿಯದಾಗಲಿ ಕುಂದಾಪುರದ್ದಾಗಲಿ, ನಿಮ್ಮ ಮನೆಯ ಕನ್ನಡದಲ್ಲಿ. ಕೇಳಿದೊಡನೆ ಮೈಕ್ ವಾಪಸ್ ಕೊಟ್ಟು ಕುಳಿತುಕೊಳ್ಳಿ. ಉತ್ತರದ ನಡುವೆ ‘ಹಾಗಲ್ಲ ಸರ್’ ಎಂದು ಬಾಯಿ ಹಾಕಿದರೆ ಹಿಂದಿನ ಸಾಲಿನ ಹುಡುಗಿಯ ಸರದಿ ತಪ್ಪುತ್ತದೆ.

ಬಿಡುಗಡೆಯ ಶುಕ್ರವಾರದವರೆಗೆ ಕಥೆಯನ್ನು ಯಾರಿಗೂ ಬಿಟ್ಟುಕೊಡಬೇಡಿ.

ಮೈಕ್ ನಿಮ್ಮ ತನಕ ಬಾರದಿದ್ದರೆ ತಕ್ಷಣ ಮನೆಗೆ ಹೊರಡದೆ ಹೊರಗೆ ಹತ್ತು ನಿಮಿಷ ಕಾಯಿರಿ. ನಾಯಕನ ಸುತ್ತ ಗುಂಪು ಸೇರಿರುತ್ತದೆ, ತಂತ್ರಜ್ಞರು ಒಂಟಿಯಾಗಿರುತ್ತಾರೆ. ಅಂದು ಆ ಶಬ್ದ ವಿನ್ಯಾಸಕಿ ಗೇಟಿನ ಬಳಿ ಆಟೊಗೆ ಕಾಯುತ್ತಿದ್ದರು. ಮಳೆಯ ಸದ್ದು ಎಲ್ಲಿಂದ ತಂದಿರಿ ಎಂದು ಕೇಳಿದೆ. ಶೂಟಿಂಗ್ ನಡೆದ ಮನೆಗೆ ತಗಡಿನ ಚಾವಣಿ ಇತ್ತಂತೆ, ಕಥೆಯ ಮನೆಗೆ ಹಂಚು. ತೀರ್ಥಹಳ್ಳಿಯ ಕಡೆ ಒಂದು ಹಳೆಯ ಮನೆಯ ಅಟ್ಟದಲ್ಲಿ ಮೂರು ರಾತ್ರಿ ಕುಳಿತು ಹಂಚಿನ ಮೇಲಿನ ಮಳೆಯನ್ನು ಧ್ವನಿಮುದ್ರಿಸಿಕೊಂಡರಂತೆ. ಬಂದ ಆಟೊವನ್ನು ಕಳುಹಿಸಿ, ಮೂರನೆಯ ರಾತ್ರಿಯ ಮಳೆ ಮೊದಲೆರಡಕ್ಕಿಂತ ಹೇಗೆ ಬೇರೆಯಾಗಿತ್ತು ಎಂದು ಹೇಳುತ್ತಾ ನಿಂತರು.