92ರಿಂದ 81 ಕೆಜಿಗೆ: ಓಟದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ

"ಓಡೋಕೆ ತೂಕ ಎಷ್ಟಿರಬೇಕು ಸರ್?" ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಓಟದ ಗುಂಪಿಗೆ ಹೊಸದಾಗಿ ಸೇರುವವರು ತಪ್ಪದೆ ಕೇಳುವ ಪ್ರಶ್ನೆ ಇದು. ಅದನ್ನು ಹೆಚ್ಚಾಗಿ ನನ್ನನ್ನೇ ಕೇಳುತ್ತಾರೆ. ಗುಂಪಿನಲ್ಲಿ ಎಲ್ಲರಿಗಿಂತ ಭಾರದವನು ನಾನೇ ಅಲ್ವಾ, ಅದಕ್ಕೆ.

ನನ್ನ ಎತ್ತರ 5 ಅಡಿ 10 ಅಂಗುಲ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವನು. ಅಗಲ ಭುಜ, ದಪ್ಪ ತೊಡೆ, ತುಂಬಿಕೊಂಡ ಮೀನಖಂಡ. ನಲವತ್ತು ದಾಟಿದ ಮೇಲೆ ಓಡಲು ಶುರು ಮಾಡಿದಾಗ 92 ಕೆಜಿ ಇದ್ದೆ. ಈಗ 81ರ ಆಸುಪಾಸು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಓಡಲು ಶುರು ಮಾಡಿದ ಮೊದಲ ವರ್ಷ ನನ್ನ ತೂಕ ಇಳಿಯಲೇ ಇಲ್ಲ. ಓಡಿ ಬಂದರೆ ಹಸಿವೋ ಹಸಿವು. ಎರಡು ದೋಸೆ ತಿನ್ನುವ ಕಡೆ ನಾಲ್ಕು ಇಳಿಯುತ್ತಿದ್ದವು. ಹಾಗಿದ್ದೂ 10 ಕಿಲೋಮೀಟರ್ ಓಟದ ಸಮಯ 72 ನಿಮಿಷದಿಂದ 64ಕ್ಕೆ ಬಂತು. ಆ ಎಂಟು ನಿಮಿಷಕ್ಕೂ ತಕ್ಕಡಿಗೂ ಸಂಬಂಧವೇ ಇಲ್ಲ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯಿತು, ಕಾಲಿನ ಸ್ನಾಯುಗಳು ಆ ರಕ್ತದಿಂದ ಜಾಸ್ತಿ ಆಮ್ಲಜನಕ ಎಳೆದುಕೊಳ್ಳುವುದನ್ನು ಕಲಿತವು. ಅಷ್ಟೇ. ಹಾಗಾಗಿ "ಮೊದಲು ತೂಕ ಇಳಿಸ್ತೀನಿ, ಆಮೇಲೆ ಓಡ್ತೀನಿ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಓಡೋಕೆ ಬನ್ನಿ, ತೂಕದ ವಿಚಾರ ಆಮೇಲೆ ನೋಡೋಣ.

ಆಮೇಲಿನ ಒಂದೂವರೆ ವರ್ಷದಲ್ಲಿ ತೂಕ ನಿಧಾನವಾಗಿ 11 ಕೆಜಿ ಇಳಿಯಿತು. 10 ಕಿಲೋಮೀಟರ್ 55 ನಿಮಿಷಕ್ಕೆ ಬಂತು. ಇದರಲ್ಲಿ ತೂಕದ ಪಾಲೆಷ್ಟು?

ಲೆಕ್ಕ ಸುಲಭ. ಸಮತಟ್ಟು ರಸ್ತೆಯಲ್ಲಿ ಒಂದು ಕಿಲೋಮೀಟರ್ ಓಡಲು ಮೈಯ ಪ್ರತಿ ಕೆಜಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. 92 ಕೆಜಿ ಇದ್ದಾಗ 10 ಕಿಲೋಮೀಟರಿಗೆ ಸುಮಾರು 920 ಸುಡುತ್ತಿದ್ದೆ, ಈಗ 810. ಓಟಗಾರರ ವಾಚಿನಲ್ಲಿ ವಿಒ2 ಮ್ಯಾಕ್ಸ್ ಅಂತ ಒಂದು ಅಂಕಿ ಬರುತ್ತದಲ್ಲ, ಅದೂ ಇದೇ ಕಥೆ. ಮೈ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ತೂಕದಿಂದ ಭಾಗಿಸಿದ ಅಂಕಿ ಅದು. ನಿಮಿಷಕ್ಕೆ 3.6 ಲೀಟರ್, ಅಂದರೆ 3,600 ಮಿಲಿಲೀಟರ್ ಬಳಸುವ ಮೈ ಅಂದುಕೊಳ್ಳಿ. 92 ಕೆಜಿಗೆ ಭಾಗಿಸಿದರೆ 39 ಬರುತ್ತದೆ, 81ಕ್ಕೆ ಭಾಗಿಸಿದರೆ 44. ಲಾರಿಯ ಎಂಜಿನ್ ಅದೇ, ಲೋಡ್ ಮಾತ್ರ ಕಡಿಮೆ.

ಈ ಲೆಕ್ಕ ನಂಬಿದರೆ 64 ನಿಮಿಷ 56 ಚಿಲ್ಲರೆ ಆಗಬೇಕಿತ್ತು. ನನಗೆ 55 ಬಂತು. ಹಾಗಂತ ಪೂರ್ತಿ ಲಾಭವನ್ನು ತೂಕದ ಖಾತೆಗೆ ಬರೆದರೆ ಸರಿಯಾಗದು, ಅಭ್ಯಾಸವೂ ಜೊತೆಜೊತೆಗೆ ನಡೆದೇ ಇತ್ತು. ಇನ್ನೊಂದು ಷರತ್ತೂ ಇದೆ. ಇಳಿದದ್ದು ಕೊಬ್ಬಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಸ್ನಾಯು ಕರಗಿ ತೂಕ ಇಳಿದರೆ ಎಂಜಿನ್ನೂ ಚಿಕ್ಕದಾಗುತ್ತದೆ, ಆಗ ತಕ್ಕಡಿ ಖುಷಿಪಡುತ್ತದೆಯೇ ಹೊರತು ಗಡಿಯಾರ ಅಲ್ಲ.

ತೂಕದ ನಿಜವಾದ ಬಣ್ಣ ಬಯಲಾಗುವುದು ಚಾಮುಂಡಿ ಬೆಟ್ಟದಲ್ಲಿ. ತಾವರೆಕಟ್ಟೆ ಕಡೆಯಿಂದ ರಸ್ತೆಯಲ್ಲಿ ಹತ್ತುತ್ತೇವೆ. ಬೆಳಗಿನ ಕತ್ತಲಲ್ಲಿ ಹೊರಟಾಗ ಎಲ್ಲರಿಗೂ ಮಾತು. ಏರು ಶುರುವಾಗಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಮೊದಲು ನನ್ನ ಮಾತು ನಿಲ್ಲುತ್ತದೆ. ಗುಂಪಿನಲ್ಲಿ 54 ಕೆಜಿಯ ಒಬ್ಬ ಕಾಲೇಜು ಹುಡುಗ ಇದ್ದಾನೆ. ಕೆರೆ ಸುತ್ತ ಓಡುವಾಗ ನಾವಿಬ್ಬರೂ ಜೋಡಿ, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿರುತ್ತದೆ. ಬೆಟ್ಟದಲ್ಲಿ ಎರಡು ತಿರುವು ದಾಟುವುದರೊಳಗೆ ಅವನ ಶೂ ಹಿಂಭಾಗದ ಹೊಳೆಯುವ ಪಟ್ಟಿ ಮಾತ್ರ ಕಾಣಿಸುತ್ತದೆ, ಆಮೇಲೆ ಅದೂ ಇಲ್ಲ. ಸಮತಟ್ಟಿನಲ್ಲಿ ಮೈಯನ್ನು ಮುಂದಕ್ಕೆ ಒಯ್ದರೆ ಸಾಕು. ಏರಿನಲ್ಲಿ ಪ್ರತಿ ಹೆಜ್ಜೆಗೂ ಇಡೀ ಮೈಯನ್ನು ಎತ್ತಬೇಕು. ಮೈಸೂರು ಊರಿಗೂ ಬೆಟ್ಟದ ತುದಿಗೂ ಸುಮಾರು 300 ಮೀಟರ್ ಎತ್ತರದ ವ್ಯತ್ಯಾಸ. ಅಷ್ಟು ಎತ್ತರಕ್ಕೆ ಅವನು 54 ಕೆಜಿ ಹೊರುತ್ತಾನೆ, ನಾನು 81.

ಒಮ್ಮೆ ನನಗೇ ಕುತೂಹಲವಾಯಿತು. ಐದು ಕೆಜಿ ಅಕ್ಕಿ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ, ಅಲುಗಾಡದಂತೆ ಬೆನ್ನಿನ ಬ್ಯಾಗಿಗೆ ಬಿಗಿದು, ಅದೇ ಏರನ್ನು ಅದೇ ವೇಗದಲ್ಲಿ ಹತ್ತಿ ನೋಡಿದೆ. ಚೀಲ ಇಲ್ಲದಿದ್ದಾಗ 155ರ ಹತ್ತಿರ ಇರುತ್ತಿದ್ದ ಎದೆಬಡಿತ 165 ದಾಟಿತು. ಹೆಗಲ ಪಟ್ಟಿ ಕೊರೆಯಲು ಶುರುವಾಯಿತು, ಬೆನ್ನು ಸುಮ್ನೆ ಬಗ್ಗುತ್ತಾ ಹೋಯಿತು. ನಂದಿ ವಿಗ್ರಹದವರೆಗೂ ಹೋಗೋಣ ಅಂದುಕೊಂಡವನು ಅರ್ಧ ದಾರಿಗೇ ನಡೆಯಲು ಶುರು ಮಾಡಿದೆ. ಇದರ ಎರಡರಷ್ಟಕ್ಕಿಂತ ಜಾಸ್ತಿ ಹೊತ್ತುಕೊಂಡು ಹಿಂದೆ ದಿನಾ ಓಡುತ್ತಿದ್ದೆನಲ್ಲ ಅನಿಸಿತು. ಬೆನ್ನಿನ ಚೀಲದ ಭಾರವೂ ಮೈಯೊಳಗಿನ ಕೊಬ್ಬಿನ ಭಾರವೂ ಒಂದೇ ಥರ ಅಲ್ಲ, ನಿಜ. ಕೊಬ್ಬು ಮೈತುಂಬ ಹಂಚಿಕೊಂಡಿರುತ್ತದೆ, ಅದನ್ನು ಹೊತ್ತು ಕಾಲಿಗೂ ಅಭ್ಯಾಸ ಆಗಿರುತ್ತದೆ. ಆದರೂ ಯಾರಾದರೂ ತೂಕದಿಂದ ಏನು ವ್ಯತ್ಯಾಸ ಅಂದರೆ ಈ ಚೀಲದ ಪ್ರಯೋಗ ಮಾಡಿ ನೋಡಿ ಅನ್ನುತ್ತೇನೆ. ಮಂಡಿನೋವು ಇರುವವರು ಬೇಡ.

ಇಳಿಜಾರಿನಲ್ಲಿ ಆ ಹುಡುಗನನ್ನು ನಾನು ಹಿಡಿದುಬಿಡುತ್ತೇನೆ. ಕಬಡ್ಡಿಯ ತೊಡೆ ಆಗ ಕೆಲಸಕ್ಕೆ ಬರುತ್ತದೆ. ಆದರೆ ಅದಕ್ಕೂ ಬೆಲೆ ತೆರಬೇಕು. ಓಡುವಾಗ ಪ್ರತಿ ಹೆಜ್ಜೆ ನೆಲಕ್ಕೆ ಬೀಳುವ ಹೊಡೆತ ಮೈತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. 92 ಕೆಜಿ ಇದ್ದಾಗ ಅದು ಒಂದೊಂದು ಹೆಜ್ಜೆಗೂ 200 ಕೆಜಿ ಮೀರುತ್ತಿತ್ತು. ಬೆಟ್ಟ ಇಳಿದ ಮಾರನೇ ದಿನ ಮನೆಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದೆ. ಹೆಜ್ಜೆ ಚಿಕ್ಕದು ಮಾಡಿ, ಬೇಗಬೇಗ ಇಡಲು ಕಲಿತ ಮೇಲೆ ಅರ್ಧ ನೋವು ಹೋಯಿತು. ಉಳಿದದ್ದು ತೂಕ ಇಳಿದ ಮೇಲೆ.

ಬಿಸಿಲಿನ ವಿಷಯ ಸಣ್ಣ ಮೈಯವರಿಗೆ ಅರ್ಥವೇ ಆಗುವುದಿಲ್ಲ. ಓಡುವಾಗ ಮೈಯಲ್ಲಿ ಹುಟ್ಟುವ ಶಾಖ ತೂಕದ ಜೊತೆ ಏರುತ್ತದೆ. ಆ ಶಾಖ ಹೊರಗೆ ಹೋಗಬೇಕಾದದ್ದು ಚರ್ಮದಿಂದ. ಮೈ ದೊಡ್ಡದಾದಷ್ಟೂ ಚರ್ಮವೂ ಜಾಸ್ತಿಯಾಗುತ್ತದೆ, ಆದರೆ ತೂಕ ಏರುವ ಪ್ರಮಾಣದಲ್ಲಿ ಅಲ್ಲ. ಜನವರಿಯ ಮೈಸೂರು ಚಳಿಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗದು. ಏಪ್ರಿಲ್‌ನಲ್ಲಿ ಏಳೂವರೆ ಆದ ಮೇಲೆ ಗೊತ್ತಾಗುತ್ತದೆ. ಕರಾವಳಿ ಕಡೆ ಓಡಿದರಂತೂ ಬೆವರು ಆರುವುದೇ ಇಲ್ಲ, ಸುರಿದು ಶೂ ತುಂಬುತ್ತದೆ, ಮೈ ತಣ್ಣಗಾಗುವುದಿಲ್ಲ. ಅಂಥ ಕಡೆ ಮೊದಲಿನಿಂದಲೇ ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನ ಓಡುತ್ತೇನೆ. ಜೊತೆಯಲ್ಲಿ ಹೊರಟ ಸಣ್ಣಗಿನವರು ಮುಂದೆ ಹೋಗಲಿ ಬಿಡಿ.

ತೊಡೆ ಉಜ್ಜುವುದು ಇನ್ನೊಂದು ತೊಂದರೆ. ಇದನ್ನು ಯಾರೂ ಹೇಳುವುದಿಲ್ಲ, ನಾಚಿಕೆ. ಉದ್ದ ಓಟದಲ್ಲಿ ತೊಡೆಸಂದಿ ಉಜ್ಜಿ ಉಜ್ಜಿ ಗಾಯವಾಗುತ್ತದೆ, ಸ್ನಾನಕ್ಕೆ ನೀರು ಬಿದ್ದಾಗ ಕೂಗಿಕೊಳ್ಳುವಷ್ಟು ಉರಿ. ಮಂಡಿವರೆಗೆ ಬರುವ ಬಿಗಿ ಚಡ್ಡಿ, ಒಳಗೆ ವ್ಯಾಸಲೀನ್. 11 ಕೆಜಿ ಇಳಿದರೂ ಇದು ತಪ್ಪಿಲ್ಲ. ನನ್ನ ತೊಡೆ ಇರುವುದೇ ಹಾಗೆ.

ಮೈಕಟ್ಟಿನ ಮಾತು ಬರುವುದು ಇಲ್ಲೇ. ತೂಕ ಇಳಿಸಬಹುದು, ಮೂಳೆ ಬದಲಾಯಿಸಲಾಗದು. ಎತ್ತರ ಜಾಸ್ತಿಯಾದರೆ ಓಟಕ್ಕೆ ಆಗಿಬರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನ 10,000 ಮೀಟರ್ ಫೈನಲ್ ನೆನಪಿದೆಯಾ? ಇಥಿಯೋಪಿಯಾದ ಹೈಲೆ ಗೆಬ್ರಸಿಲಾಸಿ ಸುಮಾರು 1.65 ಮೀಟರ್, ಕೀನ್ಯಾದ ಪಾಲ್ ಟೆರ್ಗಟ್ ಸುಮಾರು 1.82. ಕೊನೆಗೆ ಇಬ್ಬರ ನಡುವೆ ಇದ್ದದ್ದು 0.09 ಸೆಕೆಂಡ್, ಗೆದ್ದದ್ದು ಹೈಲೆ. ಮ್ಯಾರಥಾನಿನಲ್ಲೂ ಹಾಗೇ. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ 2:01:09 ಓಡಿ ವಿಶ್ವದಾಖಲೆ ಮಾಡಿದರು. ಮರುವರ್ಷ ಶಿಕಾಗೊದಲ್ಲಿ 2:00:35 ಓಡಿ ಆ ದಾಖಲೆ ಮುರಿದ ಕೆಲ್ವಿನ್ ಕಿಪ್ಟಮ್, ಕಿಪ್ಚೋಗೆಗಿಂತ ಹತ್ತು ಸೆಂಟಿಮೀಟರಿಗೂ ಜಾಸ್ತಿ ಎತ್ತರ. ಎತ್ತರದಲ್ಲಿ ಹೊಂದದ ಇವರೆಲ್ಲ ಹೊಂದುವುದು ಒಂದರಲ್ಲಿ. ಕಾಲು ನೋಡಿ. ಮಂಡಿಯಿಂದ ಕೆಳಗೆ ಕಡ್ಡಿ.

ಅದು ಸಣ್ಣ ವಿಷಯ ಅಲ್ಲ. ಸೊಂಟದಲ್ಲಿರುವ ಭಾರಕ್ಕಿಂತ ಪಾದದ ಹತ್ತಿರ ಇರುವ ಭಾರ ತುಂಬಾ ದುಬಾರಿ, ಏಕೆಂದರೆ ಅದನ್ನು ಪ್ರತಿ ಹೆಜ್ಜೆಗೂ ಹಿಂದಿನಿಂದ ಮುಂದಕ್ಕೆ ಬೀಸಬೇಕು. ಒಂದೊಂದು ಶೂಗೆ 100 ಗ್ರಾಂ ಸೇರಿಸಿದರೆ ಓಟದ ಖರ್ಚು ಸುಮಾರು ಶೇ 1 ಹೆಚ್ಚುತ್ತದೆ. ಹಾಗಾದರೆ ನನ್ನಂಥ ಮೀನಖಂಡದವರ ಗತಿ ಏನು? ಮೀನಖಂಡ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ, ಇದ್ದರೂ ಬೇಡ. ಬೆಟ್ಟ ಹತ್ತಿಸುವುದು ಅದೇ. ನಾನು ಶೂ ಮಾತ್ರ ಹಗುರದ್ದು ತೆಗೆದುಕೊಂಡೆ, ಅದೂ ಅಡಿ ತೀರಾ ತೆಳು ಇಲ್ಲದ್ದು. ಭಾರದವರ ಶೂ ಬೇಗ ಸವೆಯುತ್ತದೆ. ಅಂಗಡಿಯವರು ಹೇಳುವ ಕಿಲೋಮೀಟರ್ ಲೆಕ್ಕವನ್ನು ನಾನು ನಂಬುವುದಿಲ್ಲ, ಹಿಮ್ಮಡಿ ಹೊರಬದಿ ಸವೆದು ಓರೆಯಾದರೆ ಬದಲಾಯಿಸುತ್ತೇನೆ.

ತೂಕ ಇಳಿಸಿದ್ದು ಹೇಗೆ ಅನ್ನುವುದರಲ್ಲಿ ಹೇಳುವಂಥದ್ದು ಕಡಿಮೆ. ಸಂಜೆ ಕಾಫಿ ಜೊತೆಗಿನ ಬೇಕರಿ ತಿಂಡಿ ನಿಂತಿತು. ರಾತ್ರಿಯ ಅನ್ನ ಅರ್ಧವಾಯಿತು. ಮಧ್ಯಾಹ್ನದ ಮುದ್ದೆ, ಹುರುಳಿಕಾಳು ಸಾರು ಹಾಗೇ ಇದೆ, ದಿನಕ್ಕೆ ಎರಡು ಮೊಟ್ಟೆ ಸೇರಿತು. ಉದ್ದ ಓಟದ ಹಿಂದಿನ ರಾತ್ರಿ ಹೊಟ್ಟೆ ತುಂಬಾ ಅನ್ನ ತಿನ್ನುತ್ತೇನೆ, ಅದರಲ್ಲಿ ರಾಜಿ ಇಲ್ಲ. ವಾರಕ್ಕೆರಡು ದಿನ ಬಸ್ಕಿ, ಭಾರ ಎತ್ತುವುದು. ಸ್ನಾಯು ಉಳಿಯಬೇಕಲ್ಲ. ತೂಕ ಇಳಿದದ್ದು ಎಲ್ಲರಿಗಿಂತ ಮೊದಲು ಕಂಡದ್ದು ಅಮ್ಮನಿಗೆ. "ಯಾಕಪ್ಪಾ, ಕೆನ್ನೆ ಎಲ್ಲ ಒಳಗೋಗಿದೆ, ಶುಗರ್ ಗಿಗರ್ ಬಂತಾ? ಒಂದ್ಸಲ ಟೆಸ್ಟ್ ಮಾಡ್ಸು." ಮಾಡಿಸಿದೆ, ಇರಲಿಲ್ಲ.

ತಕ್ಕಡಿ ನೋಡುವವರಿಗೆ ಒಂದು ಮಾತು. ಮದುವೆ ಊಟ ಮಾಡಿ ಬಂದ ಮಾರನೇ ಬೆಳಗ್ಗೆ ಒಂದೂವರೆ ಕೆಜಿ ಏರಿರುತ್ತದೆ. ಅದು ಕೊಬ್ಬಲ್ಲ. ಅನ್ನ, ಸಿಹಿಯನ್ನು ಮೈ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ, ಉಪ್ಪು ಬೇರೆ ನೀರು ಹಿಡಿದಿಡುತ್ತದೆ. ಉದ್ದ ಓಟ ಮುಗಿಸಿ ನಿಂತಾಗ ಕಡಿಮೆ ತೋರಿಸುವುದೂ ಅಷ್ಟೇ, ಅದು ಬೆವರು. ಒಂದೊಂದು ದಿನದ ಅಂಕಿ ಬಿಟ್ಟು ವಾರದ ಸರಾಸರಿ ನೋಡುತ್ತೇನೆ. ಅದಕ್ಕಿಂತ ಬೆಲ್ಟ್ ವಾಸಿ. ತೂಕ ಅಲ್ಲೇ ನಿಂತಿದ್ದ ತಿಂಗಳುಗಳಲ್ಲೂ ಬೆಲ್ಟಿನ ತೂತು ಒಳಗೆ ಸರಿಯುತ್ತಿತ್ತು.

81ಕ್ಕೆ ನಿಲ್ಲಿಸಿದ್ದು ಬೇಕಂತಲೇ. 75ಕ್ಕೆ ಬಂದರೆ ಇನ್ನೂ ನಾಲ್ಕು ನಿಮಿಷ ಸಿಗುತ್ತದೆ ಅಂತ ಲೆಕ್ಕ ಹೇಳಿಕೊಟ್ಟವರಿದ್ದಾರೆ. ನಮ್ಮ ಗುಂಪಿನ ಹುಡುಗಿಯೊಬ್ಬಳಿಗೂ ತರಬೇತಿ ಕೊಡುತ್ತಿದ್ದವರೊಬ್ಬರು ಇದೇ ಲೆಕ್ಕ ಹೇಳಿದ್ದರು. ಇದ್ದದ್ದೇ 48 ಕೆಜಿ. ಇನ್ನೂ ಮೂರು ಕೆಜಿ ಇಳಿಸು ಅಂದರು. ಇಳಿಸಿದಳು. ಮೊದಮೊದಲು ಚೆನ್ನಾಗಿಯೇ ಓಡಿದಳು, ಎಲ್ಲರೂ ಹೊಗಳಿದೆವು. ಆಮೇಲೆ ಮುಟ್ಟು ನಿಂತಿತು, ಸಣ್ಣ ಶೀತ ಬಂದರೂ ಹದಿನೈದು ದಿನ. ಕೊನೆಗೆ ಮುಂಗಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಓಟಕ್ಕೆ ಬೇಕಾದಷ್ಟು ತಿನ್ನದಿದ್ದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ, ಮೂಳೆಯನ್ನೂ ಬಿಡುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರಿಟ್ಟು ಎಚ್ಚರಿಸಿದೆ, ಗಂಡಸರಿಗೂ ಬರುತ್ತದೆ ಅಂತಲೂ ಹೇಳಿದೆ. ಈಗ ಅವಳು 50 ಕೆಜಿ ಇದ್ದಾಳೆ, ಬೆಟ್ಟದಲ್ಲಿ ನನ್ನನ್ನು ಆರಾಮಾಗಿ ಹಿಂದೆ ಹಾಕುತ್ತಾಳೆ. "ಬರ್ತೀರಾ ಸರ್?" ಅಂತ ಕೇಳಿ ಹೋಗುತ್ತಾಳೆ, ಅದೇ ಸಿಟ್ಟು.

ಅಮೆರಿಕದ ಕೆಲವು ಓಟಗಳಲ್ಲಿ ಭಾರದ ಗಂಡಸರಿಗೆ ಬೇರೆಯೇ ವಿಭಾಗ ಇರುತ್ತದೆ. ಗಾಡಿ ಎಳೆಯುವ ದೊಡ್ಡ ಜಾತಿಯ ಕುದುರೆಯ ಹೆಸರಿನಿಂದ ಅದನ್ನು ಕ್ಲೈಡ್ಸ್‌ಡೇಲ್ ಅಂತ ಕರೆಯುತ್ತಾರೆ. ಇಲ್ಲೂ ಅಂಥದ್ದೊಂದು ಇದ್ದಿದ್ದರೆ ನನಗೂ ಒಂದು ಕಪ್ ಬರುತ್ತಿತ್ತೇನೋ ಅಂತ ಆಸೆಪಟ್ಟು ನಿಯಮ ತೆಗೆದು ನೋಡಿದೆ. ನಾನು ನೋಡಿದ ಕಡೆ 220 ಪೌಂಡ್, ಅಂದರೆ ಸುಮಾರು 100 ಕೆಜಿ ಇರಬೇಕಂತೆ. 92 ಇದ್ದಾಗಲೂ ಅಲ್ಲಿ ನನ್ನನ್ನು ಸೇರಿಸುತ್ತಿರಲಿಲ್ಲ.